ಸ್ಪಷ್ಟನೆ: ಬಲ್ಬ್ ಬದಲಾಯಿಸಿದರಷ್ಟೇ ಸಾಲದು

ಅಡುಗೆಮನೆ ಕಪಾಟಿನ ಕೆಳಗಿರುವ ಹಳೇ ಹ್ಯಾಲೊಜೆನ್ ಬಲ್ಬ್ ತೆಗೆದು ಎಲ್‌ಇಡಿ ಸಿಕ್ಕಿಸಿದರೆ ಮುಗೀತು ಎಂಬ ಮಾತು ಹರಿದಾಡುತ್ತಿದೆ. ಎಲ್ಲ ಕಡೆಯೂ ಇದು ನಿಜವಲ್ಲ.

12 ವೋಲ್ಟ್ ದೀಪಗಳಿಗೆ ಟ್ರಾನ್ಸ್‌ಫಾರ್ಮರ್ (ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಪೆಟ್ಟಿಗೆ) ಇರುತ್ತದೆ. ಅದರ ಮೇಲಿನ ಚೀಟಿ ನೋಡಿ. ‘20–60 ವ್ಯಾಟ್’ ಎಂದಿದ್ದರೆ ಕನಿಷ್ಠ 20 ವ್ಯಾಟ್ ಲೋಡ್ (ಜೋಡಿಸಿದ ದೀಪಗಳ ಒಟ್ಟು ವ್ಯಾಟ್) ಬೇಕು ಅಂತ ಅರ್ಥ. 20 ವ್ಯಾಟಿನ ಮೂರು ಹ್ಯಾಲೊಜೆನ್ ಸೇರಿದರೆ 60. ಅದೇ ಜಾಗದಲ್ಲಿ 2 ವ್ಯಾಟಿನ ಮೂರು ಎಲ್‌ಇಡಿ ಹಾಕಿದರೆ ಬರೀ 6! ಆಗ ದೀಪ ಮಿಣುಕುತ್ತದೆ, ಕೆಲವೊಮ್ಮೆ ಹತ್ತುವುದೇ ಇಲ್ಲ. ಪಾಪ, ಜನ ಬಲ್ಬೇ ಕೆಟ್ಟಿದೆ ಅಂದುಕೊಂಡು ಸುಮ್ನೆ ಎಸೆಯುತ್ತಾರೆ. ಬದಲಾಯಿಸಬೇಕಾದ್ದು ಟ್ರಾನ್ಸ್‌ಫಾರ್ಮರ್, ಅದರ ಜಾಗಕ್ಕೆ ಎಲ್‌ಇಡಿ ಡ್ರೈವರ್ (ಎಲ್‌ಇಡಿಗೆಂದೇ ಕರೆಂಟ್ ಕೊಡುವ ಪೆಟ್ಟಿಗೆ) ಬೇಕು.

ಬಲ್ಬಿನ ಬದಲು ಎಲ್‌ಇಡಿ ಪಟ್ಟಿ (ಸ್ಟ್ರಿಪ್) ಅಂಟಿಸುವುದಾದರೆ ಅದಕ್ಕೆ ಡಿಸಿ (ಒಂದೇ ದಿಕ್ಕಿಗೆ ಹರಿಯುವ) ಕರೆಂಟೇ ಬೇಕು. ಹಳೇ ಟ್ರಾನ್ಸ್‌ಫಾರ್ಮರ್ ಕೊಡುವುದು ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್), ಹಾಗಾಗಿ ಅದು ಪಟ್ಟಿಗೂ ಆಗದು. ಕೈ ಹಾಕುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ.