ಕಾಲು ಸುತ್ತು

ಕಾಯಿಲ್ ಟ್ಯಾಟೂ ಮಷೀನಿನ, ಅಂದರೆ ತಂತಿ ಸುರುಳಿಯ ಅಯಸ್ಕಾಂತದಿಂದ ಓಡುವ ಹಚ್ಚೆ ಯಂತ್ರದ, ನೆತ್ತಿಯಲ್ಲಿರುವ ಕಾಂಟ್ಯಾಕ್ಟ್ ಸ್ಕ್ರೂ ಸಾರ್ವಜನಿಕ ಆಸ್ತಿ. ಹಾಗಂತ ಎಲ್ಲೂ ಬರೆದಿಲ್ಲ, ಆದರೆ ಎಲ್ಲರೂ ನಡೆದುಕೊಳ್ಳುವುದು ಹಾಗೆಯೇ. ರಾತ್ರಿ ಸೊಗಸಾಗಿ ಟ್ಯೂನ್ ಮಾಡಿ, ಒರೆಸಿ ಇಟ್ಟ ಲೈನರ್, ಅಂದರೆ ಗೆರೆ ಎಳೆಯುವ ಮಷೀನು, ಬೆಳಿಗ್ಗೆ ಪೆಡಲ್ ಒತ್ತಿದರೆ ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ ಒದ್ದಾಡುತ್ತದೆ. ಯಾರು ಮುಟ್ಟಿದ್ದು ಎಂದು ಕೇಳಿ ನೋಡಿ. ಯಾರೂ ಮುಟ್ಟಿರುವುದಿಲ್ಲ. ದನಿ ಏರಿಸಿ ಇನ್ನೊಮ್ಮೆ ಕೇಳಿದರೆ ಮೂಲೆಯಿಂದ ಉತ್ತರ ಬರುತ್ತದೆ: "ಮುಟ್ಟೋದೇನು ಬಂತು ಸಾರ್, ಸುಮ್ನೆ ಕಾಲು ಸುತ್ತು ತಿರುಗಿಸ್ದೆ, ಅಷ್ಟೆ."

ಅಷ್ಟೆಯಂತೆ! ಆ ಅಷ್ಟೆ ಎಷ್ಟು ಅಂತ ಲೆಕ್ಕ ಹಾಕೋಣ. ಈ ಸ್ಕ್ರೂ ಸಾಮಾನ್ಯವಾಗಿ 8-32 ಅಳತೆಯದು. ಅಂದರೆ ಇಂಚಿಗೆ 32 ಥ್ರೆಡ್. ಒಂದು ಪೂರ್ತಿ ಸುತ್ತಿಗೆ ಅದು ಸುಮಾರು 0.8 ಮಿಲಿಮೀಟರ್ ಇಳಿಯುತ್ತದೆ, ಕಾಲು ಸುತ್ತಿಗೆ 0.2. ಲೈನರಿನಲ್ಲಿ ಸ್ಕ್ರೂ ತುದಿಗೂ ಸ್ಪ್ರಿಂಗಿಗೂ ನಡುವೆ ನಾವು ಬಿಡುವ ಗ್ಯಾಪೇ ಒಂದೂವರೆ ಮಿಲಿಮೀಟರಿನ ಒಳಗೆ. ಅದರಲ್ಲಿ ಏಳನೇ ಒಂದು ಪಾಲನ್ನು ಇವರು ಬೆರಳ ತುದಿಯಲ್ಲಿ, ಬಾಯಲ್ಲಿ ಬೇರೇನೋ ಮಾತಾಡುತ್ತಾ, ನುಂಗಿ ಹಾಕಿರುತ್ತಾರೆ. ಯಾರದಾದರೂ ಸೈಟಿನಲ್ಲಿ ಏಳನೇ ಒಂದು ಪಾಲು ಒತ್ತುವರಿ ಮಾಡಿ "ಅಷ್ಟೆ" ಅಂದು ನೋಡಲಿ.

ಆ ಗ್ಯಾಪ್ ಅಳೆಯುವುದಕ್ಕೂ ಒಂದು ಕ್ರಮವಿದೆ. ಆರ್ಮೇಚರ್ ಬಾರನ್ನು (ಸೂಜಿಯನ್ನು ಮೇಲೆ ಕೆಳಗೆ ಆಡಿಸುವ ಕಬ್ಬಿಣದ ಪಟ್ಟಿ) ಬೆರಳಿನಿಂದ ಕೆಳಗೆ ಒತ್ತಿ ಮುಂದಿನ ಕಾಯಿಲಿನ ತಲೆಗೆ ತಾಗಿಸಬೇಕು. ಆಗ ಫ್ರಂಟ್ ಸ್ಪ್ರಿಂಗಿಗೂ ಸ್ಕ್ರೂ ತುದಿಗೂ ನಡುವೆ ಉಳಿಯುವ ಸಂದೇ ಗ್ಯಾಪ್. ಒತ್ತದೆ ಇಣುಕಿ ನೋಡಿ "ಗ್ಯಾಪೇ ಇಲ್ವಲ್ಲ" ಎನ್ನುವವರಿದ್ದಾರೆ. ಇರುವುದಿಲ್ಲ ಮಹರಾಯ, ಸುಮ್ಮನಿದ್ದಾಗ ಅವೆರಡೂ ತಾಗಿಕೊಂಡೇ ಇರಬೇಕು, ಇಲ್ಲದಿದ್ದರೆ ಮಷೀನು ಶುರುವಾಗುವುದು ಹೇಗೆ? ಅಮೆರಿಕದ ಹಳೆಯ ಕೈಗಳು ಲೈನರಿಗೆ ಹತ್ತು ಸೆಂಟಿನ ನಾಣ್ಯ, ಶೇಡರಿಗೆ, ಅಂದರೆ ನೆರಳು ತುಂಬುವ ಮಷೀನಿಗೆ, ಐದು ಸೆಂಟಿನ ನಾಣ್ಯ ತೂರಿಸಿ ನೋಡುವುದುಂಟು. ಹತ್ತರದ್ದು 1.35 ಮಿಲಿಮೀಟರ್ ದಪ್ಪ, ಐದರದ್ದು 1.95. ಬೆಲೆ ಹೆಚ್ಚಿದ್ದದ್ದು ತೆಳ್ಳಗೆ, ಕಡಿಮೆಯದ್ದು ದಪ್ಪ. ಹೊಸಬರು ಇದನ್ನು ಉಲ್ಟಾ ನೆನಪಿಟ್ಟುಕೊಂಡು ಲೈನರನ್ನು ಶೇಡರ್ ಮಾಡಿ ಕೂರುತ್ತಾರೆ. ನಾಣ್ಯದ ಗೊಡವೆಯೇ ಬೇಡ, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಇದ್ದರೆ ಸಾಕು. ಅದೂ ಇಲ್ಲದಿದ್ದರೆ ಒಂದೂವರೆ ಮಿಲಿಮೀಟರಿನ ಡ್ರಿಲ್ ಬಿಟ್ಟಿನ ಹಿಂಬದಿ.

ಈ ಯಂತ್ರದ ಬುದ್ಧಿಯೆಲ್ಲ ಹಳೆಯ ಕಾಲಿಂಗ್ ಬೆಲ್ಲಿನದು. ಕರೆಂಟ್ ಹರಿದರೆ ಕಾಯಿಲ್ ಅಯಸ್ಕಾಂತವಾಗುತ್ತದೆ, ಬಾರನ್ನು ಕೆಳಗೆ ಎಳೆಯುತ್ತದೆ. ಬಾರ್ ಇಳಿದರೆ ಫ್ರಂಟ್ ಸ್ಪ್ರಿಂಗ್ ಸ್ಕ್ರೂವಿನಿಂದ ಬಿಡುತ್ತದೆ, ಕರೆಂಟ್ ಕಡಿಯುತ್ತದೆ, ಅಯಸ್ಕಾಂತದ ಶಕ್ತಿ ಇಳಿಯುತ್ತದೆ, ಬ್ಯಾಕ್ ಸ್ಪ್ರಿಂಗ್ ಬಾರನ್ನು ಮೇಲೆ ಎತ್ತುತ್ತದೆ. ತಾಗಿತು, ಮತ್ತೆ ಶುರು. ಸೆಕೆಂಡಿಗೆ ನೂರರ ಆಸುಪಾಸು ಸಲ ಕೂಡುವುದು, ಬಿಡುವುದು, ಕೂಡುವುದು. ಇಷ್ಟು ಚಂಚಲವಾದ ಸಂಬಂಧದ ನಡುವೆ ಮೂರನೆಯವರು ಬೆರಳು ಹಾಕಬಾರದು ಎಂಬುದು ಸಂಸಾರಸ್ಥರಿಗೆಲ್ಲ ಗೊತ್ತಿರುವ ಮಾತೇ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ 1891ರಲ್ಲಿ ಪೇಟೆಂಟ್ ಪಡೆದ ಹಚ್ಚೆ ಯಂತ್ರ ಎಡಿಸನ್ನನ ಎಲೆಕ್ಟ್ರಿಕ್ ಪೆನ್ನಿನ ಜಾಡಿನದು. ನಾವೀಗ ಹಿಡಿಯುವ ಫ್ರೇಮಿನ ಅಚ್ಚು ಕಾಣುವುದು ಪರ್ಸಿ ವಾಟರ್ಸ್ 1929ರಲ್ಲಿ ಪಡೆದ ಪೇಟೆಂಟಿನಲ್ಲಿ. ಅಂದಿನಿಂದ ಎಷ್ಟು ಜನ ಕಾಲು ಸುತ್ತು ತಿರುಗಿಸಿರಬಹುದು ಎಂದು ಯೋಚಿಸಿದರೆ ತಲೆ ಪೂರ್ತಿ ಸುತ್ತು ತಿರುಗುತ್ತದೆ.

ಕಾಲು ಸುತ್ತಿನವರು ಪ್ರತಿ ಸ್ಟುಡಿಯೋದಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಕಾರ್ಯವಿಧಾನವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಮೊದಲು ಅವರು ಮಷೀನನ್ನು ನೋಡುವುದಿಲ್ಲ, ಕೇಳುತ್ತಾರೆ. ತಲೆ ಒಂದು ಕಡೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ, ತಂಬೂರಿಯ ಶ್ರುತಿ ಹಿಡಿಯುವವರ ಗಾಂಭೀರ್ಯದಲ್ಲಿ ಕಿವಿಯ ಹತ್ತಿರ ಹಿಡಿಯುತ್ತಾರೆ. "ಹ್ಞೂಂ... ಸ್ವಲ್ಪ ಒಣಗಿದೆ" ಎನ್ನುತ್ತಾರೆ. ಶಬ್ದ ಒಣಗುವುದು ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಕಾಲು ಸುತ್ತು ಒಳಕ್ಕೆ. ಮತ್ತೆ ಕೇಳುತ್ತಾರೆ. "ಜಾಸ್ತಿ ಆಯ್ತು." ಕಾಲು ಸುತ್ತು ಹೊರಕ್ಕೆ. ಕಾಗದದ ಮೇಲೆ ಇದು ಸೊನ್ನೆ. ಆದರೆ ಅವರ ಬೆರಳಿಗೆ ಕೋನಮಾಪಕ ಕಟ್ಟಿಲ್ಲವಲ್ಲ, ಹೋದಷ್ಟು ಹಿಂದಕ್ಕೆ ಬರುವುದಿಲ್ಲ. ಹೀಗೆ ಐದಾರು ಸಲ ಹೋಗಿ ಬಂದರೆ ಸ್ಕ್ರೂ ಎಲ್ಲಿತ್ತು ಎಂಬುದು ಸ್ಕ್ರೂವಿಗೂ ನೆನಪಿರುವುದಿಲ್ಲ. ಒಳಗೆ ಹೆಚ್ಚು ಹೋಗಿದ್ದರೆ ಬಾರಿನ ಓಟ ಗಿಡ್ಡವಾಗಿ ಮಷೀನು ಗುಂಯ್‌ಗುಡುತ್ತದೆ, ಸೂಜಿ ಮಾತ್ರ ಕುಂತಲ್ಲೇ ನಡುಗುತ್ತದೆ. ಹೊರಗೆ ಹೆಚ್ಚು ಬಂದಿದ್ದರೆ ಓಟ ಉದ್ದವಾಗಿ, ನಿಧಾನವಾಗಿ, ಕುಟ್ಟಿದ ಹಾಗೆ ಹೊಡೆಯುತ್ತದೆ. ಇನ್ನೂ ಬಂದರೆ ಸ್ಪ್ರಿಂಗಿಗೆ ತಾಗುವುದೇ ಇಲ್ಲ, ಪೆಡಲ್ ಒತ್ತಿ ಬಾರನ್ನು ಬೆರಳಿನಿಂದ ತಿವಿದು ಎಬ್ಬಿಸಬೇಕು.

ಈ ಹಂತಕ್ಕೆ ಬಂದಾಗ ಅವರ ಕೈ ಪವರ್ ಸಪ್ಲೈ ಕಡೆ ಹೋಗುತ್ತದೆ. ಏಳೂವರೆ ವೋಲ್ಟಿನಲ್ಲಿ ಓಡುತ್ತಿದ್ದದ್ದಕ್ಕೆ ಎಂಟೂವರೆ, ಒಂಬತ್ತೂವರೆ, ಹನ್ನೊಂದು. ಮಷೀನು ಓಡುತ್ತದೆ, ಓಡದೆ ಏನು ಮಾಡುತ್ತದೆ, ಬೆನ್ನಿಗೆ ಬಾರುಕೋಲು ಬಿದ್ದ ಮೇಲೆ? ಸ್ಕ್ರೂ ತುದಿಯಲ್ಲಿ ಸಣ್ಣ ನೀಲಿ ಕಿಡಿ ಇದ್ದದ್ದು ಈಗ ದೀಪಾವಳಿಯಾಗುತ್ತದೆ. ಹತ್ತು ನಿಮಿಷದಲ್ಲಿ ಕಾಯಿಲ್ ಕೈಗೆ ಬಿಸಿ ಹತ್ತುತ್ತದೆ. ಆಗ ಅವರು ಮಷೀನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಸಾವಿನ ಸುದ್ದಿ ತಿಳಿಸುವ ದನಿಯಲ್ಲಿ "ಕಾಯಿಲ್ ಹೋಗಿದೆ" ಎನ್ನುತ್ತಾರೆ. ಕೈ ಒರೆಸಿಕೊಂಡು ಹೊರಟೂ ಬಿಡುತ್ತಾರೆ.

ಕಾಯಿಲ್ ಎಲ್ಲಿಗೂ ಹೋಗಿರುವುದಿಲ್ಲ. ಹತ್ತರಲ್ಲಿ ಆರು ಸಲ ಹೋಗಿರುವುದು ಮಷೀನಿಗೆ ಕರೆಂಟ್ ತರುವ ಕ್ಲಿಪ್ ಕಾರ್ಡಿನ ಕೊಕ್ಕೆ. ಮಷೀನಿನ ಹಿಂಬದಿಯ ತೂತುಗಳಲ್ಲಿ ಕೂರುವ ಆ ಎರಡು ತಂತಿಗಳು ದಿನಾ ತೆಗೆದು ಹಾಕಿ ಬಿಗಿ ಕಳೆದುಕೊಳ್ಳುತ್ತವೆ. ಕೈ ಒಂದು ಕಡೆ ತಿರುಗಿದಾಗ ತಾಗುತ್ತವೆ, ಇನ್ನೊಂದು ಕಡೆ ತಿರುಗಿದಾಗ ಬಿಡುತ್ತವೆ. ಮಷೀನು ಕೆಮ್ಮುತ್ತದೆ. ತಂತಿಗಳನ್ನು ತುಸು ಹೊರಕ್ಕೆ ಬಾಗಿಸಿದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವ ಗಾದೆ ಕಟ್ಟಿದವರಿಗೆ ವಿದ್ಯುತ್ತೇ ಗೊತ್ತಿರಲಿಲ್ಲ, ಆದರೂ ಈ ಸ್ಕ್ರೂವಿನ ಪಾಡು ಅವರಿಗೆ ಹೇಗೋ ಗೊತ್ತಾಗಿತ್ತು. ಕೊಕ್ಕೆ ಸರಿಯಿದ್ದರೆ ಮುಂದಿನ ಗುಮಾನಿ ಪೆಡಲಿನ ಮೇಲೆ. ಅದರ ವೈರು ಕುರ್ಚಿಯ ಚಕ್ರದಡಿ ಸಿಕ್ಕಿ ಒಳಗೊಳಗೇ ತುಂಡಾಗಿರುತ್ತದೆ. ದೋಷ ಕಾಲಿನಲ್ಲಿ, ಚಿಕಿತ್ಸೆ ಕಾಲು ಸುತ್ತಿನಲ್ಲಿ.

ಹಾಗಾಗಿ ಸ್ಕ್ರೂ ಮುಟ್ಟುವ ಮೊದಲು ಗೋಡೆಯಿಂದ ಶುರು ಮಾಡಿ: ಸಪ್ಲೈ, ಪೆಡಲ್, ಕಾರ್ಡ್. ಕೈಯಲ್ಲಿ ಇನ್ನೊಂದು ಕ್ಲಿಪ್ ಕಾರ್ಡ್ ಇದ್ದರೆ ಬದಲಿಸಿ ನೋಡುವುದೇ ಅತಿ ದೊಡ್ಡ ಪಾಂಡಿತ್ಯ. ಸಪ್ಲೈ ಶಾರ್ಟ್ ತೋರಿಸಿದರೆ ಮುಂದಿನ ಬೈಂಡಿಂಗ್ ಪೋಸ್ಟ್ ಬಿಚ್ಚಿ ನೈಲಾನ್ ವಾಷರ್ ನೋಡಿ. ಕಾಂಟ್ಯಾಕ್ಟ್ ಸ್ಕ್ರೂ ಹಿಡಿದಿರುವ ಆ ಪೋಸ್ಟ್ ಫ್ರೇಮಿಗೆ ತಾಗಲೇಬಾರದು. ಶುಚಿ ಮಾಡಲು ಬಿಚ್ಚಿದವರು ವಾಷರ್ ಒಂದನ್ನು ಮಿಗಿಸಿ "ಎಕ್ಸ್‌ಟ್ರಾ ಇತ್ತು" ಎಂದು ಡ್ರಾಯರಿಗೆ ಹಾಕಿರುತ್ತಾರೆ. ಮಷೀನಿನಲ್ಲಿ ಎಕ್ಸ್‌ಟ್ರಾ ಅಂತ ಏನೂ ಇರುವುದಿಲ್ಲ.

ಆಮೇಲೆ ಸ್ಪ್ರಿಂಗು. ದಪ್ಪ ಸಾಮಾನ್ಯವಾಗಿ ಇಂಚಿನ ಸಾವಿರ ಭಾಗದಲ್ಲಿ 16ರಿಂದ 20. ಲೈನರಿಗೆ ಗಿಡ್ಡ, ಬಿರುಸು. ಶೇಡರಿಗೆ ಉದ್ದ, ಮೃದು. ಬ್ಯಾಕ್ ಸ್ಪ್ರಿಂಗಿನ ಬಾಗು ಹೆಚ್ಚಾದರೆ ಬಾರನ್ನು ಎಳೆಯಲು ಕಾಯಿಲ್ ಏದುಸಿರು ಬಿಡುತ್ತದೆ, ಹೆಚ್ಚು ವೋಲ್ಟು ಕೇಳುತ್ತದೆ. ಕಡಿಮೆಯಾದರೆ ಹೊಡೆತದಲ್ಲಿ ಜೀವವಿಲ್ಲ, ಗೆರೆ ಮಸುಕು. ಸ್ಕ್ರೂವಿನ ತುದಿ ಸ್ಪ್ರಿಂಗಿನ ನಡುಮಧ್ಯೆ ತಾಗಬೇಕು. ಅಂಚಿಗೆ ತಾಗಿದರೆ ಸ್ಪ್ರಿಂಗ್ ಒಂದೇ ಕಡೆ ಸವೆದು ಒಂದು ದಿನ, ಅದೂ ಉದ್ದನೆಯ ಗೆರೆಯ ನಡುವೆ, ಪಟ್ ಅನ್ನುತ್ತದೆ. ಬಾರನ್ನು ಒತ್ತಿದಾಗ ಅದು ಮುಂದಿನ ಕಾಯಿಲಿಗೆ ಕೂತು, ಹಿಂದಿನದರ ಮೇಲೆ ಕಾಗದ ತೂರುವಷ್ಟು ಸಂದು ಬಿಟ್ಟಿರಬೇಕು. ಇಲ್ಲದಿದ್ದರೆ ಮುಂದಿನ ಕಾಯಿಲಿನ ಅಡಿಗೆ ತೆಳ್ಳನೆ ಶಿಮ್ (ತಗಡಿನ ಬಿಲ್ಲೆ) ಕೊಟ್ಟು ಎತ್ತಬೇಕು. ಇದನ್ನು ಯಾರೂ ನೋಡುವುದಿಲ್ಲ, ಯಾಕೆಂದರೆ ಇದಕ್ಕೆ ಬಿಚ್ಚಬೇಕು. ಸ್ಕ್ರೂ ಹೊರಗೇ ಇದೆ, ಕೈಗೆ ಸಿಗುತ್ತದೆ, ಬೈಗುಳವನ್ನೂ ಅದೇ ತಿನ್ನುತ್ತದೆ.

ಕಿಡಿ ಜೋರಾಗಿದ್ದು ಶಬ್ದ ಚಟಪಟ ಎನ್ನುತ್ತಿದ್ದರೆ ಕಿಡಿ ತಗ್ಗಿಸುವ ಕೆಪಾಸಿಟರ್ ನೋಡಿ. ಲೈನರಿಗೆ 22ರಿಂದ 47 ಮೈಕ್ರೋಫ್ಯಾರಡ್, ಶೇಡರಿಗೆ 47ರಿಂದ 100 ರೂಢಿ. ಸಾಮಾನ್ಯ ಎಲೆಕ್ಟ್ರೋಲಿಟಿಕ್ ಆದರೆ ಪಟ್ಟಿ ಇರುವ ಕಾಲು ನೆಗೆಟಿವ್. ಉಲ್ಟಾ ಬೆಸುಗೆ ಹಾಕಿದರೆ ಅದು ಹೊಟ್ಟೆ ಉಬ್ಬಿಸಿಕೊಂಡು ಸಾಯುತ್ತದೆ. ಕಿಡಿಗೆ ಸ್ಕ್ರೂ ತುದಿ ಗುಳಿಬಿದ್ದಿದ್ದರೆ ನಯವಾದ ಎಮರಿ ಕಾಗದದಲ್ಲಿ ಸಮ ಮಾಡಿ. ಅದಕ್ಕೆ ಸ್ಕ್ರೂ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಗ್ಯಾಪ್ ಮತ್ತೆ ಅಳೆದೇ ಹಾಕಬೇಕು, ಅಂದಾಜಿಗಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮೋಸ ಕಾದಿರುತ್ತದೆ. ಟ್ಯೂನ್ ಮಾಡಿದ್ದು ಬರಿಯ ಮಷೀನನ್ನು. ಈಗ ಟ್ಯೂಬು, ಗ್ರೊಮೆಟ್ಟು, ಸೂಜಿ, ರಬ್ಬರ್ ಬ್ಯಾಂಡ್ ಎಲ್ಲ ಸೇರುತ್ತವೆ. ರಬ್ಬರ್ ಬ್ಯಾಂಡಿನ ಕೆಲಸ ಸೂಜಿಯ ಸರಳು ಅಲುಗಾಡದಂತೆ ಹಿಡಿಯುವುದು ಮಾತ್ರ, ಒಂದೋ ಎರಡೋ ಸಾಕು. ನಮ್ಮವರು ನಾಲ್ಕು ಬಿಗಿದು ಬಾರನ್ನು ಕೈಕಾಲು ಕಟ್ಟಿದ ಕಳ್ಳನಂತೆ ಮಾಡಿ, ಆಮೇಲೆ "ಸ್ಪೀಡೇ ಇಲ್ಲ" ಎಂದು ಮತ್ತೆ ಸ್ಕ್ರೂವಿಗೆ ಕೈ ಹಾಕುತ್ತಾರೆ. ಎಲ್ಲ ಹಾಕಿದ ಮೇಲೆಯೇ ಕೊನೆಯ ಟ್ಯೂನಿಂಗ್. ಸೂಜಿ ಸುಮ್ಮನಿದ್ದಾಗ ಟ್ಯೂಬಿನ ಬಾಯೊಳಗಿದ್ದು, ಬಾರ್ ಒತ್ತಿದಾಗ ಎರಡು ಮಿಲಿಮೀಟರಿನ ಆಸುಪಾಸು ಹೊರಬರಬೇಕು. ವೋಲ್ಟೇಜ್ ಓದುವುದೂ ಪೆಡಲ್ ಒತ್ತಿಕೊಂಡು, ಮಷೀನು ಓಡುತ್ತಿರುವಾಗ.

ಚರ್ಮದ ಮೇಲೆ ಕೆಲಸ ಶುರುವಾದ ಮೇಲೆ ಸ್ಕ್ರೂವಿನ ತಂಟೆ ಮುಗಿಯಿತು, ಮುಗಿಯಲೇಬೇಕು. ಮಷೀನಿಗೆ ಚೀಲ ಹೊದಿಸಿದ್ದೇವೆ, ಕಾರ್ಡಿಗೆ ತೋಳು ತೊಡಿಸಿದ್ದೇವೆ, ಗ್ಲೌಸಿನ ತುಂಬ ಇಂಕು, ರಕ್ತ. ಆಗ ಪಕ್ಕದಿಂದ ಒಂದು ಬರಿಗೈ ಚಾಚಿ "ಒಂದ್ನಿಮಿಷ, ಕಾಲು ಸುತ್ತು" ಎಂದರೆ ಆ ಕೈಗೆ ಏನು ಮಾಡಬೇಕು ಅನಿಸುತ್ತದೆ ಎನ್ನುವುದನ್ನು ಬರೆಯದಿರುವುದೇ ಲೇಸು.

ಆದರೂ ಒಂದು ಮಾತು. ಈಗ ಎಲ್ಲೆಲ್ಲೂ ಮೋಟಾರಿನಿಂದ ಓಡುವ ರೋಟರಿ ಪೆನ್ನುಗಳು. ಕಾರ್ಟ್ರಿಜ್ ಸಿಕ್ಕಿಸು, ಗುಂಡಿ ಒತ್ತು, ಕೆಲಸ ಶುರು. ಗ್ಯಾಪಿಲ್ಲ, ಸ್ಪ್ರಿಂಗಿಲ್ಲ, ಕಿಡಿಯಿಲ್ಲ. ಕೈ ನೋಯುವುದಿಲ್ಲ, ನಾನೂ ದಿನದ ಅರ್ಧ ಅದನ್ನೇ ಹಿಡಿಯುತ್ತೇನೆ. ಆದರೆ ಬಾಗಿಲು ತೆಗೆಯುವ ಮೊದಲೇ ಒಳಗೆ ಯಾರು ಕೆಲಸ ಮಾಡುತ್ತಿದ್ದಾರೆ, ಗೆರೆಯೋ ಶೇಡೋ ಎಂದು ಸದ್ದಿನಲ್ಲೇ ಗೊತ್ತಾಗುತ್ತಿದ್ದ ಕಾಲ ಮೆಲ್ಲಗೆ ಜಾರುತ್ತಿದೆ. ಹೊಸದಾಗಿ ಕಲಿಯುವ ಹುಡುಗರಿಗೆ ಆ ಗುಂಯ್‌ಗಾರ ಬರಿಯ ಗದ್ದಲ. ಒಣಗಿದ ಶಬ್ದ ಯಾವುದು, ಹಸಿ ಶಬ್ದ ಯಾವುದು ಎಂದು ತಲೆ ವಾಲಿಸಿ ಕೇಳುವವರು ಇನ್ನೆಷ್ಟು ದಿನ ಇರುತ್ತಾರೋ. ಹೇಳಬಾರದು, ಆದರೆ ನಿಜ ಹೇಳಬೇಕೆಂದರೆ, ಅವರು "ಒಣಗಿದೆ" ಅಂದಾಗ ಕೆಲವೊಮ್ಮೆ ನಿಜವಾಗಿಯೂ ಒಣಗಿರುತ್ತದೆ.

ಸ್ಕ್ರೂ ಕದಲಿದ್ದು ತಿಳಿಯಲಿ ಎಂದು ಒಂದು ಉಪಾಯವಿದೆ: ಟ್ಯೂನ್ ಆದ ಮೇಲೆ ಸ್ಕ್ರೂ ತಲೆಯಿಂದ ಪೋಸ್ಟಿನವರೆಗೆ ನೈಲ್ ಪಾಲಿಷಿನಲ್ಲಿ ಒಂದು ಗೀಟು ಎಳೆಯುವುದು. ಗೀಟು ಮುರಿದಿದ್ದರೆ ಯಾರೋ ತಿರುಗಿಸಿದ್ದಾರೆ ಅಂತ. ಕೆಂಪು ಬಣ್ಣದಲ್ಲಿ ಎಳೆದಿಟ್ಟೆವು. ಮಾರನೇ ದಿನ ಅದರಿಂದ ಕಾಲು ಸುತ್ತು ಆಚೆಗೆ ನೀಲಿ ಗೀಟೊಂದು ಕಾಣಿಸಿಕೊಂಡಿತು, "ಇದು ನನ್ನ ಸೆಟ್ಟಿಂಗ್" ಎಂಬ ವಿವರಣೆಯೊಂದಿಗೆ. ಈ ಬೆಳಿಗ್ಗೆ ನೋಡಿದರೆ ಅವೆರಡರ ನಡುವೆ ಹಸಿರಿನದೊಂದಿದೆ. ಅದು ಯಾರದೆಂದು ಕೇಳಿದೆ. ಯಾರೂ ಮುಟ್ಟಿಲ್ಲವಂತೆ.