ಸ್ವಾಮಿ, ಗರುಡನಿಗೂ ಪರ್ಮಿಷನ್ ಬೇಕಾಗುತ್ತೆ

ಶಬರಿಮಲೆ ವಿಮಾನ ನಿಲ್ದಾಣದ ಸುದ್ದಿ ಮತ್ತೆ ಬಂದಿದೆ. ಇದೂ ಒಂಥರಾ ನಾವು ಮಕರಜ್ಯೋತಿ ಅನ್ನುವ ದೀಪದ ಹಾಗೆಯೇ. ಆಗಾಗ ದೂರದಲ್ಲಿ ಮಿಣಕ್ ಅನ್ನುತ್ತದೆ, ಹಚ್ಚುವವರು ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಕೈ ಮುಗಿಯುತ್ತೇವೆ, ಆಮೇಲೆ ಕತ್ತಲು.

2017ರಲ್ಲಿ ಕೇರಳ ಸರ್ಕಾರ ಘೋಷಿಸಿತು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಆ ಜಾಗಕ್ಕೆ ಒಪ್ಪಿಗೆ ಕೊಟ್ಟಿತು. ಜಾಗ ಅಂದರೆ ಎರುಮೇಲಿ ಹತ್ತಿರದ ಚೆರುವಳ್ಳಿ ಎಸ್ಟೇಟ್, 2,263 ಎಕರೆ ರಬ್ಬರ್ ತೋಟ. ಅದು ಯಾರದ್ದು ಅಂತ ಮಾತ್ರ ಕೇಳಬೇಡಿ. ಹ್ಯಾರಿಸನ್ಸ್ ಮಲಯಾಳಂ ಕಂಪನಿಯಿಂದ 2005ರಲ್ಲಿ ನಾವು ಕೊಂಡಿದ್ದು ಅನ್ನುತ್ತದೆ ಬಿಲೀವರ್ಸ್ ಚರ್ಚ್. ಕಂಪನಿಗೆ ಮಾರುವ ಹಕ್ಕೇ ಇರಲಿಲ್ಲ, ಜಾಗ ನಮ್ಮದು ಅನ್ನುತ್ತದೆ ಸರ್ಕಾರ. 2019ರಲ್ಲಿ ಪಾಲಾ ಕೋರ್ಟಿಗೂ ಹೋಯಿತು. ಒಂದು ಕಡೆ 'ಇದು ನಮ್ಮದೇ' ಅಂತ ದಾವೆ, ಇನ್ನೊಂದು ಕಡೆ ಅದೇ ಜಾಗವನ್ನು ಸ್ವಾಧೀನ ಮಾಡಿಕೊಳ್ಳೋಕೆ ನೋಟಿಸ್. ತನ್ನ ಮನೆಗೆ ತಾನೇ ಬಾಡಿಗೆ ಮಾತಾಡಲು ಹೊರಟವನನ್ನು ನಾನು ಇಲ್ಲೇ ನೋಡಿದ್ದು. ಅಯ್ಯಪ್ಪನ ವಿಮಾನ ಚರ್ಚಿನ ರಬ್ಬರ್ ತೋಟದಲ್ಲಿ ಇಳಿಯುವುದರ ಬಗ್ಗೆ ನನ್ನದೇನೂ ತಕರಾರಿಲ್ಲ. ಎರುಮೇಲಿಯಲ್ಲಿ ಅಯ್ಯಪ್ಪನ ಗೆಳೆಯ ವಾವರನ ಮಸೀದಿಗೆ ಸುತ್ತು ಬಂದೇ ಮಲೆ ಹತ್ತುವ ಜನ ನಾವು.

ನನಗೆ ಚಿಂತೆ ಇರುವುದು ಗರುಡನದ್ದು.

ಮಲೆ ಹತ್ತುವ ಮುಂಚೆ ಮೈಗೆ ಬಣ್ಣ ಬಳಿದುಕೊಂಡು ಕುಣಿಯುವ ಪೇಟೆ ತುಳ್ಳಲ್ ನೋಡಿದವರಿಗೆ ಗೊತ್ತು. ಎರುಮೇಲಿಯಲ್ಲಿ ಅಂಬಲಪ್ಪುಳದವರ ತಂಡ ಕುಣಿಯಲು ಶುರು ಮಾಡುವುದು ಆಕಾಶದಲ್ಲಿ ಗರುಡ ಸುತ್ತು ಹೊಡೆದ ಮೇಲೆ. ಅದಾದ ಮೇಲೆ ಆಲಂಗಾಡಿನವರ ಸರದಿ, ಅವರಿಗೆ ಹಾಡಹಗಲೇ ನಕ್ಷತ್ರ ಕಾಣಬೇಕು. ಈಗ ಪಕ್ಕದಲ್ಲೇ ರನ್‌ವೇ ಬಂತು ಅಂದುಕೊಳ್ಳಿ. ಭಕ್ತರ ಕಣ್ಣಿಗೆ ಗರುಡ ಆದದ್ದು ವಿಮಾನದವರ ಲೆಕ್ಕದಲ್ಲಿ 'ಬರ್ಡ್ ಹಿಟ್' ಅಪಾಯ. ಅದನ್ನು ಓಡಿಸುವುದಕ್ಕೆ ಪಟಾಕಿ ಹಿಡಿದ ಒಬ್ಬ ನೌಕರ ಇರುತ್ತಾನೆ, ಸಂಬಳ ಕೊಟ್ಟು ಇಟ್ಟವನು. ಇತ್ತ ಸಾವಿರಾರು ಜನ ಮೈಗೆ ಬಣ್ಣ ಬಳಿದುಕೊಂಡು ಕತ್ತು ಮೇಲೆತ್ತಿ ಬಾರಪ್ಪಾ ಗರುಡ ಅಂತ ಕಾಯುತ್ತಿದ್ದರೆ, ಅತ್ತ ಅವನು ಢಂ ಅನ್ನಿಸುತ್ತಿರುತ್ತಾನೆ. ನಕ್ಷತ್ರದ ಕಥೆ ಪರವಾಗಿಲ್ಲ. ದುಬೈ ವಿಮಾನದ ಲೈಟ್ ಕಂಡರೂ ಕುಣಿತ ಶುರು ಮಾಡಬಹುದು. ಫ್ಲೈಟ್ ಲೇಟಾದರೆ ಕುಣಿತವೂ ಲೇಟು, ಅಷ್ಟೇ.

ಒಂದು ಮಾತು ಒಪ್ಪಬೇಕು. ಏರ್‌ಪೋರ್ಟ್ ತಪಾಸಣೆಗೆ ಅಯ್ಯಪ್ಪ ಸ್ವಾಮಿಗಳಷ್ಟು ಹೇಳಿ ಮಾಡಿಸಿದ ಪ್ರಯಾಣಿಕರು ಬೇರೆ ಯಾರೂ ಇಲ್ಲ. ಶೂ ಬಿಚ್ಚಿ ಅಂದರೆ, ಮಾಲೆ ಹಾಕಿದ ದಿನವೇ ಬಿಚ್ಚಿಟ್ಟಾಗಿದೆ. ಬೆಲ್ಟ್ ಇಲ್ಲ, ಪಂಚೆ. ಆದರೆ ತಲೆ ಮೇಲೆ ಇರುಮುಡಿ, ಅದರೊಳಗೆ ತುಪ್ಪ ತುಂಬಿದ ಕಾಯಿ. ಈ ಕಾಯಿ ಕ್ಯಾಬಿನ್ ಒಳಗೆ ಬರಬಹುದು ಅಂತ ವಿಮಾನ ಭದ್ರತಾ ಬ್ಯೂರೋ 2024ರ ಅಕ್ಟೋಬರ್‌ನಲ್ಲಿ ಅಪ್ಪಣೆ ಕೊಟ್ಟಿತು. ಅದೂ 2025ರ ಜನವರಿ 20ರ ತನಕ. ಅಂದರೆ ಕಾಯಿಗೂ ವೀಸಾ ಕೊಟ್ಟು ಅವಧಿ ಬರೆದಿದ್ದರು. ಸ್ಕ್ಯಾನರ್ ಮುಂದೆ ಕೂತ ಹುಡುಗ 'ಒಳಗೆ ಲಿಕ್ವಿಡ್ ಇದೆಯಾ?' ಅಂತ ಕೇಳುತ್ತಾನೆ. ತಂಡ ಕರೆದುಕೊಂಡು ಹೋಗುವ ಹಿರಿಯ, ಅಂದರೆ ಗುರುಸ್ವಾಮಿ, ಏನು ಹೇಳಬೇಕು? ಚಳಿಗಾಲ, ಗಟ್ಟಿಯಾಗಿದೆ ಸ್ವಾಮಿ ಅನ್ನಬೇಕು.

ಹೋಗಲಿ, ಇಳಿದರು. ಅಲ್ಲಿಂದ ಪಂಪೆಗೆ ಇನ್ನೂ ನಲವತ್ತೈದು ಕಿಲೋಮೀಟರ್ ಮೇಲೆಯೇ ಇದೆ, ಘಾಟಿ ರಸ್ತೆ. ಸೀಸನ್ನಿನಲ್ಲಿ ಬಹುಪಾಲು ಜನ ನಿಲಕ್ಕಲ್‌ನಲ್ಲಿ ಗಾಡಿ ಬಿಟ್ಟು ಸರ್ಕಾರಿ ಬಸ್ಸಿಗೆ ನುಗ್ಗಬೇಕು. ಪಂಪೆಯಿಂದ ನೀಲಿಮಲೆ, ಅಪ್ಪಾಚಿಮೇಡು ಹತ್ತಿ ಐದು ಕಿಲೋಮೀಟರ್. ಆಮೇಲೆ ಕ್ಯೂ. ಕೆಲವು ದಿನ 90 ಸಾವಿರ ದಾಟುತ್ತದೆ ಜನ. ಅಷ್ಟೂ ಜನರನ್ನು 180 ಸೀಟಿನ ವಿಮಾನದಲ್ಲಿ ತರುತ್ತೇವೆ ಅಂದರೆ ದಿನಕ್ಕೆ 500 ವಿಮಾನ, ರಾತ್ರಿ ಹಗಲು ಮೂರು ನಿಮಿಷಕ್ಕೊಂದು. ತಂದರು ಅಂತಲೇ ಇಟ್ಟುಕೊಳ್ಳಿ, ಕೊನೆಗೆ ಎಲ್ಲರೂ ಹತ್ತಬೇಕಾದದ್ದು ಅದೇ ಹದಿನೆಂಟು ಮೆಟ್ಟಿಲು. ಅದರ ಅಗಲ ಜಾಸ್ತಿ ಮಾಡೋಕೆ ಆಗಲ್ಲ, ಅಲ್ವಾ? ಒಂದು ಗಂಟೆಯಲ್ಲಿ ಹಾರಿ ಬಂದವನು ಸುಮ್ನೆ ಬಂದು, ಟೆಂಪೋದಲ್ಲಿ ಎರಡು ದಿನ ಕುಲುಕಾಡಿ ಬಂದವನ ಹಿಂದೆ ನಿಲ್ಲುತ್ತಾನೆ.

ಇನ್ನು ಗುಡಿ ತೆರೆದಿರುವುದು ಮಂಡಲ, ಮಕರವಿಳಕ್ಕು ಅನ್ನುವ ಚಳಿಗಾಲದ ಸೀಸನ್ನಿನ ಸುಮಾರು ಎರಡು ತಿಂಗಳು, ಬಿಟ್ಟರೆ ಮಲಯಾಳಂ ತಿಂಗಳ ಮೊದಲ ಐದು ದಿನ, ವಿಷು, ಓಣಂನಂಥ ಕೆಲವು ಹಬ್ಬ. ಉಳಿದ ದಿನ ವಿಮಾನದಲ್ಲಿ ಯಾರು ಬರುತ್ತಾರೆ? ಕೋಟ್ಟಯಂ, ಪತ್ತನಂತಿಟ್ಟದಿಂದ ಗಲ್ಫಿಗೂ ಅಮೆರಿಕಕ್ಕೂ ಹೋಗಿರುವವರು. ಬರಲಿ, ಅವರ ಊರು, ಅವರ ದುಡ್ಡು. ತಿರುವನಂತಪುರ, ಕೊಚ್ಚಿ, ಕೋಝಿಕ್ಕೋಡ್, ಕಣ್ಣೂರು ಅಂತ ನಾಲ್ಕು ಅಂತಾರಾಷ್ಟ್ರೀಯ ನಿಲ್ದಾಣ ಇದ್ದೂ ಐದನೆಯದು ಬೇಕು ಅಂದರೆ ಹಾಗೇ ಹೇಳಿ. ಬರಿಗಾಲಲ್ಲಿ ನಡೆಯುವವನ ಹೆಸರನ್ನು ಬೋರ್ಡಿಗೆ ಯಾಕೆ ಬರೆಯುತ್ತೀರಿ?

ಅವನಿಗೆ ಅಂತ ಹೇಳಿದ್ದು ರೈಲು. ಅಂಗಮಾಲಿಯಿಂದ ಎರುಮೇಲಿಗೆ 111 ಕಿಲೋಮೀಟರ್, 1997-98ರಲ್ಲಿ ಮಂಜೂರಾಯಿತು. ಹಳಿ ಹಾಕಿದ್ದು ಕಾಲಡಿ ತನಕ, ಏಳು ಕಿಲೋಮೀಟರ್. ಶಂಕರಾಚಾರ್ಯರು ಕಾಲಡಿಯಿಂದ ಹೊರಟು ಕೇದಾರದ ತನಕ ನಡೆದೇ ಹೋದರಂತೆ. ನಮ್ಮ ರೈಲು ಕಾಲಡಿ ತಲುಪಿ ಸನ್ಯಾಸ ತಗೊಂಡಿತು.

ತಮಾಷೆ ಸಾಕು. 1999ರ ಜನವರಿ 14, ಪಂಪೆಯಲ್ಲಿ ನೂಕುನುಗ್ಗಲು, ಐವತ್ತಕ್ಕೂ ಹೆಚ್ಚು ಜನ ಸತ್ತರು. 2011ರ ಜನವರಿ 14, ಪುಲ್ಲುಮೇಡು, ನೂರಕ್ಕೂ ಹೆಚ್ಚು ಜನ. ಅದರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಅವರು ಸತ್ತದ್ದು ವಿಮಾನ ಸಿಗದೆ ಅಲ್ಲ. ನಿಲ್ಲಲು ಜಾಗ ಇಲ್ಲದೆ, ಬೆಳಕಿಲ್ಲದೆ, ಯಾವ ಕಡೆ ಹೋಗಬೇಕು ಅಂತ ಹೇಳುವವರು ಇಲ್ಲದೆ ಸತ್ತರು. 2018ರ ಪ್ರವಾಹ ಪಂಪೆಯಲ್ಲಿ ಇದ್ದಬದ್ದದ್ದನ್ನೂ ಕೊಚ್ಚಿಕೊಂಡು ಹೋಯಿತು. ಜನ ಕೇಳುವುದು ನೀರು, ನೆರಳು, ಕಕ್ಕಸು. ಅಷ್ಟಕ್ಕೆ 2,263 ಎಕರೆ ಬೇಕಾಗಿಲ್ಲ, ಕೋರ್ಟಿಗೆ ಹೋಗುವುದೂ ಬೇಕಾಗಿಲ್ಲ. ಬರೆದು ಬರೆದು ಬೇಜಾರಾಗಿದೆ.

ನಮ್ಮ ಗುರುಸ್ವಾಮಿ ಮೊನ್ನೆ ಈ ವರ್ಷದ ಟೆಂಪೋ ಟ್ರಾವೆಲರ್‌ಗೆ ಅಡ್ವಾನ್ಸ್ ಕೊಡಲು ಹೊರಟಿದ್ದರು. ವಿಮಾನ ನಿಲ್ದಾಣ ಬರುತ್ತಂತೆ ಸ್ವಾಮಿ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದರು:

"ಅಲ್ಲಿ ಕಕ್ಕಸು ಇರುತ್ತಾ?"

"ಇರದೆ ಏನು ಸ್ವಾಮಿ, ಇಪ್ಪತ್ತನಾಲ್ಕು ಗಂಟೆ ನೀರು ಬರುತ್ತೆ, ತೊಳೆಯೋಕೆ ಜನ ಇರ್ತಾರೆ."

"ಹಾಗಾದ್ರೆ ಟೆಂಪೋನ ಒಂದರ್ಧ ಗಂಟೆ ಅಲ್ಲೇ ನಿಲ್ಲಿಸೋಣ."