ಜನವರಿ ಪೂರ್ತಿ ವಿಷಾದಯೋಗ

ಭಗವದ್ಗೀತೆಯಲ್ಲಿ 700 ಶ್ಲೋಕ. ದಿನಕ್ಕೆ ಎರಡರಂತೆ ಓದಿದರೆ 350 ದಿನ. ಉಳಿದ 15 ದಿನ ಜ್ವರ, ನೆಂಟರು ಮತ್ತು ಸೋಮಾರಿತನಕ್ಕೆ ಮೀಸಲು. ಡಿಸೆಂಬರ್ ಕೊನೆಯ ವಾರ ಆಫೀಸಿನಲ್ಲಿ ಹೇಗೂ ಕೆಲಸ ಕಡಿಮೆ. ಕೂತು ಹೊಸ ವರ್ಷದ ಸಂಕಲ್ಪದ ಈ ಲೆಕ್ಕವನ್ನೆಲ್ಲ ಎಕ್ಸೆಲ್‌ಗೆ ಹಾಕಿದೆ. ತಾರೀಕು, ಅಧ್ಯಾಯ, ಶ್ಲೋಕ, ಸ್ಟೇಟಸ್. ಓದಿದ್ದು ಹಸಿರು, ಬಾಕಿ ಹಳದಿ, ತಪ್ಪಿದ್ದು ಕೆಂಪು. ಮೋಕ್ಷಕ್ಕೂ ಒಂದು ಟ್ರ್ಯಾಕರ್ ಇರಲಿ, ಅಲ್ವಾ?

ಆಫೀಸಿಗೂ ದೇವರಿಗೂ ಹೀಗೆ ಗಂಟು ಹಾಕಿದವನು ನಾನೇ ಮೊದಲಿಗನಲ್ಲ. ಜನವರಿ 1ರ ಕಥೆಯೇ ಹಾಗಿದೆ. ಪ್ರಾಚೀನ ರೋಮಿನ ಕಾನ್ಸಲ್‌ಗಳು, ಅಂದರೆ ಅಲ್ಲಿನ ಅತಿ ದೊಡ್ಡ ಅಧಿಕಾರಿಗಳು, ಕ್ರಿ.ಪೂ. 153ರಿಂದ ಆ ದಿನ ಅಧಿಕಾರ ವಹಿಸಿಕೊಳ್ಳತೊಡಗಿದರು. ಅಂದರೆ ಡ್ಯೂಟಿಗೆ ಸೇರುವ ದಿನ. ಆ ತಿಂಗಳ ದೇವರು ಜಾನಸ್‌ಗೆ ಎರಡು ಮುಖ, ಒಂದು ಹಿಂದಕ್ಕೆ, ಒಂದು ಮುಂದಕ್ಕೆ. ಹಳೆ ವರ್ಷದ ಬಾಕಿ ಕೆಲಸವನ್ನೂ ಹೊಸ ವರ್ಷದ ಟಾರ್ಗೆಟ್ಟನ್ನೂ ಒಟ್ಟಿಗೆ ನೋಡಬೇಕಾದವನಿಗೆ ಎರಡು ಮುಖ ಸಾಲದು ಅಂತ ನನ್ನ ಅಭಿಪ್ರಾಯ.

ಶೀಟು ಮುಗಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲ ಅಧ್ಯಾಯ ಅರ್ಜುನವಿಷಾದಯೋಗ. ಅದರಲ್ಲಿ 47 ಶ್ಲೋಕ. ದಿನಕ್ಕೆ ಎರಡು ಅಂದರೆ ಜನವರಿ 24ರ ತನಕ ಅರ್ಜುನನಿಗೆ ಬೇಜಾರು. ಸಮಾಧಾನ ಹೇಳಬೇಕಾದ ಕೃಷ್ಣ ಅಲ್ಲಿಯವರೆಗೆ ರಥ ತಂದು ನಿಲ್ಲಿಸಿ, ಕೌರವರನ್ನು ನೋಡು ಅನ್ನುತ್ತಾನೆ, ಅಷ್ಟೇ. ಜನವರಿ ಎರಡನೇ ವಾರಕ್ಕೇ ಸಂಕಲ್ಪ ಕೈಬಿಡುವವರು ಗೀತೆಯಿಂದ ಕಲಿಯುವುದು ಶಂಖಗಳ ಹೆಸರು ಮಾತ್ರ. ಪಾಂಚಜನ್ಯ, ದೇವದತ್ತ, ಪೌಂಡ್ರ, ಅನಂತವಿಜಯ, ಸುಘೋಷ, ಮಣಿಪುಷ್ಪಕ. ಎಲ್ಲ 8ನೇ ತಾರೀಕಿಗೆ ಊದಿ ಮುಗಿಯುತ್ತವೆ.

15ನೇ ತಾರೀಕಿನ ಪಾಲು 29 ಮತ್ತು 30ನೇ ಶ್ಲೋಕ. ಕೈಕಾಲು ಸೋಲುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ತಲೆ ಸುತ್ತುತ್ತಿದೆ. ಅವತ್ತೇ ನಮ್ಮಲ್ಲಿ ವರ್ಷದ ಟಾರ್ಗೆಟ್ ಮೀಟಿಂಗ್. ಇಷ್ಟು ಸರಿಯಾಗಿ ಹೊಂದಿಕೊಂಡ ಪಾರಾಯಣವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಬೆಳಗಿನ ಜಾವ ಐದಕ್ಕೆ ಏಳುವುದೂ ಸಂಕಲ್ಪದ ಒಂದು ಭಾಗವಾಗಿತ್ತು. ಅದಕ್ಕೆಂದೇ ಗೀತೆಯ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡೆ. ಹೇಳಿದ ಹೊತ್ತಿಗೆ ಆ ದಿನದ ಶ್ಲೋಕವನ್ನು ತಾನೇ ಹಾಡುತ್ತದೆ. ಐದಕ್ಕೆ ಅದು ಹಾಡಿದರೆ ಮನೆಯವರೆಲ್ಲ ಎದ್ದರು, ನನ್ನೊಬ್ಬನನ್ನು ಬಿಟ್ಟು. "ಅಪ್ಪಾ, ಸಂಕಲ್ಪ ನಿಮ್ಮದು, ಪುಣ್ಯ ನಮಗೆ ಬರ್ತಿದೆ" ಎಂದಳು ಮಗಳು. ಹೆಂಡತಿ ಏನೂ ಹೇಳಲಿಲ್ಲ. ಆ್ಯಪಿನ ಹೊತ್ತನ್ನು ಬೆಳಗ್ಗೆ ಹತ್ತೂ ಕಾಲಿಗೆ ಬದಲಾಯಿಸಿ ಫೋನು ವಾಪಸ್ ಕೊಟ್ಟಳು.

ಹತ್ತೂ ಕಾಲಿಗೆ ನಾನಿರುವುದು ಆನ್‌ಲೈನ್ ಮೀಟಿಂಗಿನಲ್ಲಿ.

ಅವತ್ತು ನಮ್ಮ ಟೀಮಿನವರೆಲ್ಲ ಸೇರಿ ಮ್ಯಾನೇಜರ್ ಮೇಡಂ ಹತ್ತಿರ ಎರಡು ವಾರ ಹೆಚ್ಚು ಸಮಯ ಕೇಳುತ್ತಿದ್ದೆವು. ಒಬ್ಬೊಬ್ಬರೂ ಒಂದೊಂದು ಕಷ್ಟ ಹೇಳಿಕೊಂಡು ಅವರ ಮನಸ್ಸನ್ನು ಹದಕ್ಕೆ ತಂದಿದ್ದೆವು. "ಸರಿ, ನೋಡೋಣ" ಅನ್ನುವ ಮಾತು ಇನ್ನೇನು ಬರಬೇಕು, ನನ್ನ ಮೈಕಿನಿಂದ ಗಂಭೀರವಾದ ಗಂಟಲೊಂದು ಶುರುವಾಯಿತು: "ಕ್ಲೈಬ್ಯಂ ಮಾ ಸ್ಮ ಗಮಃ ಪಾರ್ಥ..." ಎರಡನೇ ಅಧ್ಯಾಯ, ಮೂರನೇ ಶ್ಲೋಕ. ಹೇಡಿತನ ನಿನಗೆ ಒಪ್ಪುವುದಿಲ್ಲ, ಈ ಎದೆಗುಂದುವಿಕೆ ಬಿಟ್ಟು ಎದ್ದೇಳು ಅಂತ ಅರ್ಥ. ನಾನು ಮ್ಯೂಟ್ ಒತ್ತಲು ಹೋಗಿ ವಾಲ್ಯೂಮ್ ಹೆಚ್ಚಿಸಿದೆ. "ತ್ಯಕ್ತ್ವೋತ್ತಿಷ್ಠ ಪರಂತಪ" ಎಲ್ಲರಿಗೂ ಸ್ಪಷ್ಟವಾಗಿ ಕೇಳಿತು.

ಮೇಡಂಗೆ ಸಂಸ್ಕೃತ ಚೆನ್ನಾಗಿ ಬರುತ್ತದೆ ಅಂತ ಗೊತ್ತಾಗಿದ್ದು ಆಗಲೇ. "ನೋಡಿ, ಭಗವಂತನೇ ಹೇಳ್ತಿದ್ದಾನೆ. ಡೆಡ್‌ಲೈನ್ ಹಾಗೇ ಇರಲಿ" ಎಂದರು. ಟೀಮಿನವರು ಆಮೇಲೆ ಒಂದು ವಾರ ನನ್ನನ್ನು ಪಾರ್ಥ ಎಂದೇ ಕರೆದರು. ಅದರಲ್ಲಿ ಪ್ರೀತಿ ಏನೂ ಇರಲಿಲ್ಲ.

ಒಬ್ಬ ಮಾತ್ರ ಸಹಾನುಭೂತಿ ತೋರಿಸಿದ. ಅವನು ವರ್ಷಕ್ಕೊಂದು ಸಲ ಇಡೀ ಬೈಬಲ್ ಓದುವ ಸಂಕಲ್ಪ ಮಾಡುವವನು. ಒಟ್ಟು 1,189 ಅಧ್ಯಾಯ, ದಿನಕ್ಕೆ ಮೂರಕ್ಕಿಂತ ಜಾಸ್ತಿ. ಆದಿಕಾಂಡ ಕಥೆಗಳ ಜೋರಿನಲ್ಲಿ ಓಡುತ್ತದಂತೆ, ವಿಮೋಚನಕಾಂಡವೂ ಅರ್ಧದವರೆಗೆ ಪರವಾಗಿಲ್ಲವಂತೆ. ಜನವರಿ ಕೊನೆಗೆ ಯಾಜಕಕಾಂಡ ಬರುತ್ತದೆ. ಬಲಿಯ ನಿಯಮ, ಚರ್ಮರೋಗದ ನಿಯಮ, ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಏನು ಮಾಡಬೇಕು ಅನ್ನುವುದಕ್ಕೂ ನಿಯಮ. "ಪ್ರತಿ ವರ್ಷ ಅಲ್ಲೇ ಗಾಡಿ ನಿಲ್ಲುತ್ತೆ ಮಾರಾಯ" ಎಂದ. ಧರ್ಮ ಬೇರೆಯಾದರೂ ಫೆಬ್ರವರಿ ಎಲ್ಲರಿಗೂ ಒಂದೇ.

ಅಭ್ಯಾಸ ಬೇರೂರಲು ಸರಾಸರಿ 66 ದಿನ ಬೇಕು ಅಂತ ಲಂಡನ್ನಿನ ಸಂಶೋಧಕರು ಕಂಡುಕೊಂಡಿದ್ದಾರೆ. ಕೆಲವರಿಗೆ 18 ದಿನ ಸಾಕಂತೆ, ಕೆಲವರಿಗೆ 254 ಬೇಕಂತೆ. ನಾನು ಯಾವ ಗುಂಪು ಅಂತ ಮಗಳನ್ನು ಕೇಳಬೇಡಿ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಅಂತಲೂ ಅವರು ಹೇಳಿದ್ದಾರೆ. ಆ ಸಾಲನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ.

ಫೆಬ್ರವರಿ 16ಕ್ಕೆ ಎರಡನೇ ಅಧ್ಯಾಯದ 47ನೇ ಶ್ಲೋಕ ಬಂತು. "ಕರ್ಮಣ್ಯೇವಾಧಿಕಾರಸ್ತೇ ಮಾ ಫಲೇಷು ಕದಾಚನ." ಅದೇ ವಾರ ಅಪ್ರೈಸಲ್ ಫಾರಂ. ಫಲದ ಆಸೆ ಬಿಡಬೇಕಾದವನು ಎಷ್ಟು ಪರ್ಸೆಂಟ್ ಹೈಕ್ ಬೇಕು ಅನ್ನುವ ಖಾನೆಯಲ್ಲಿ ಏನು ಬರೆಯಬೇಕು? ಸ್ವಲ್ಪ ಹೊತ್ತು ಯೋಚಿಸಿ, ಫಲವನ್ನು ಎರಡಂಕಿಯಲ್ಲಿ ಬರೆದು ಕಳಿಸಿದೆ. ಆದರೆ ಅಟ್ಯಾಚ್‌ಮೆಂಟಿನಲ್ಲಿ ಹೋಗಿದ್ದು ಅಪ್ರೈಸಲ್ ಫಾರಂ ಅಲ್ಲ, ಗೀತೆಯ ಶೀಟು.

ಸಂಜೆಯೊಳಗೆ ಮೇಡಂ ಉತ್ತರ ಬಂತು. ಕೆಂಪು ಜಾಸ್ತಿ ಕಾಣ್ತಿದೆ, ಕಾರಣ ಬರೆದು ಕಳಿಸಿ ಎಂದಿದ್ದರು. ಕೆಳಗೆ ಇನ್ನೊಂದು ಸಾಲು: "ದಿನಕ್ಕೆ ಎರಡರ ಬದಲು ನಾಲ್ಕು ಮಾಡಿದ್ದರೆ ಜೂನ್‌ನಲ್ಲೇ ಮುಗಿಯುತ್ತಿತ್ತಲ್ಲ?"